ಅತ್ತಿಗೆ ಕೊಟ್ಟ ಎಲೆ-ಅಡಿಕೆ

“ನಿಮ್ದು ರಾಜಿ ಆಗೋಯ್ತಂತಲ್ಲಮ್ಮ, ಇನ್ಯಾಕ್ ಬಂದ್ರಿ?” ಎಂದರು ಹೆಡ್ ಕಾನ್‌ಸ್ಟೇಬಲ್ ಲಕ್ಷ್ಮೀಕಾಂತ್, ಬೋಂಡಾ ಕಟ್ಟಿಸಿಕೊಂಡಿದ್ದ ಪೇಪರಿಗೆ ಕೈ ಒರೆಸಿಕೊಳ್ಳುತ್ತ.

ಸುಶ್ಮಿತಾಳಿಗೆ ತಲೆಬುಡ ತಿಳಿಯಲಿಲ್ಲ. ಸೋದರಮಾವನ ಮಗ ಅಶ್ವಥ್ ಕ್ಯಾತ್ಸಂದ್ರದ ಬಸ್ ಸ್ಟಾಪಿನಲ್ಲಿ ಹೆಲ್ಮೆಟ್ಟಿನಿಂದ ಅವಳ ಬಾಯಿಗೆ ಬಾರಿಸಿ ಎರಡು ತಿಂಗಳಾಗಿತ್ತು. ನಿನ್ನ ಮದುವೆಯಾಗಲ್ಲ ಅಂದದ್ದೇ ಅವಳು ಮಾಡಿದ ತಪ್ಪು. ಮುಂದಿನ ಎರಡು ಹಲ್ಲು ಅಲ್ಲೇ ರಸ್ತೆಗೆ ಬಿದ್ದವು. ಅವಳಿಗೆ ಮಾತಾಡಲಾಗದೆ, ದೂರು ಕೊಟ್ಟವಳು ತಾಯಿ ಪುಟ್ಟಗಂಗಮ್ಮ. ಈಗ ಸುಶ್ಮಿತಾ ಬಟ್ಟೆ ಅಂಗಡಿಯ ಕೆಲಸಕ್ಕೇನೋ ಹೋಗುತ್ತಿದ್ದಳು. ಆದರೆ “ಬನ್ನಿ ಮೇಡಂ” ಅನ್ನುವಾಗಲೆಲ್ಲ ಕೈ ತಾನಾಗಿ ಬಾಯಿ ಮುಚ್ಚುತ್ತಿತ್ತು.

“ಯಾರು ರಾಜಿ ಆದೋರು, ಸಾರ್?”

“ನಿಮ್ಮಮ್ಮ. ಹಾಗಲವಾಡೀಲಿ ಕುಲದೋರ ಮುಂದೆ ವೀಳ್ಯ ಹಿಡಿದವ್ರಂತೆ. ಯಜಮಾನ್ರು ಕದರಯ್ಯನೋರೇ ಬಂದು ಹೇಳೋದ್ರು. ಸಂಬಂಧದೋರು, ಬುಡಿ ಅತ್ಲಾಗೆ.”

ಅವರ ತಲೆಯ ಹಿಂದೆ ಹೊಸ ಕಾನೂನುಗಳ ಬೋರ್ಡು ನೇತಾಡುತ್ತಿತ್ತು. ಸಂತ್ರಸ್ತರ ಹಕ್ಕುಗಳು ಎಂದು ಕೆಂಪಕ್ಷರ. ಅದರ ಕೆಳಗೆ, ತನಿಖೆ ಎಲ್ಲಿಗೆ ಬಂತೆಂದು ತೊಂಬತ್ತು ದಿನದೊಳಗೆ ಸಂತ್ರಸ್ತರಿಗೆ ತಿಳಿಸಬೇಕು ಎಂಬ ಸಾಲು, ಸರಿಯಾಗಿ ಅವರ ಬೋಳುತಲೆಗೆ ಕಿರೀಟ ಇಟ್ಟ ಹಾಗೆ.

“ಹೋಗ್ಲಿ, ಅವನನ್ನ ಹುಡುಕಿದ್ರಾ?”

“ಎಲ್ಲಮ್ಮಾ ಸಿಗ್ತಾನೆ? ಫೋನು ಸ್ವಿಚ್ ಆಫು.”

“ನಿನ್ನೆ ಕುಣಿಗಲ್ ಕೆರೆ ಏರಿ ಮೇಲೆ ಕಬ್ಬಿನ ಹಾಲು ಕುಡೀತಾ ಸ್ಟೇಟಸ್ ಹಾಕವ್ನೆ. ಊರಿಗೆಲ್ಲ ಕಾಣ್ತಾನೆ, ನಿಮಗೊಬ್ರಿಗೆ ಕಾಣಲ್ವಾ?”

“ಜೋರ್ ಮಾಡ್ಬೇಡಮ್ಮ. ದೂರು ಕೊಟ್ಟೋರೇ ರಾಜಿ ಅಂದ್ಮೇಲೆ ನಾವ್ಯಾಕ್ ಓಡಾಡಣ? ಇಲ್ಲ ಅನ್ನೋದಾದ್ರೆ ನಿಮ್ಮಮ್ಮನೇ ಬಂದು ಹೇಳ್ಲಿ.”

ಉಪ್ಪಾರಹಳ್ಳಿಯ ಮನೆಗೆ ಬಂದಾಗ ಪುಟ್ಟಗಂಗಮ್ಮ ಅವರೆಕಾಳು ಹಿತುಕುತ್ತ ಕೂತಿದ್ದಳು. ಮಗಳಿಗೆ ಕಡಿಯುವ ಕಷ್ಟವಿಲ್ಲದ ಸಾರು ಆಗಲಿ ಎಂದು.

“ಅಮ್ಮಾ, ಹಾಗಲವಾಡಿಗೆ ಹೋದಾಗ ಏನ್ ತಗೊಂಡೆ?”

“ನಾನೇನೇ ತಗೊಳ್ಳಿ? ಅಣ್ಣಂಗೆ ಹುಷಾರಿಲ್ಲ ಅಂತ ಫೋನ್ ಮಾಡಿದ್ರು, ಜೀವ ತಡೀಲಿಲ್ಲ, ಹೋದೆ. ನೋಡಿದ್ರೆ ಗುಂಡ್ಕಲ್ಲಂಗೆ ಕೂತವ್ನೆ. ಹೊರಡುವಾಗ ಅತ್ತಿಗೆ ತಟ್ಟೇಲಿ ಎಲೆ-ಅಡಿಕೆ, ಕಾಯಿ ಇಟ್ಟು ಕೊಟ್ಲು.”

“ನಿಂಗಾ?”

ಕಾಳು ಹಿತುಕುತ್ತಿದ್ದ ಬೆರಳು ನಿಂತವು. ಗಂಡ ಸತ್ತ ಮೇಲೆ ಆ ಕೈಗೆ ಯಾರೂ ಎಲೆ-ಅಡಿಕೆ ಇಟ್ಟಿರಲಿಲ್ಲ. ಮದುವೆ ಮನೆಯಲ್ಲಿ ತಾಂಬೂಲದ ತಟ್ಟೆ ಹತ್ತಿರ ಬರುವ ಮೊದಲೇ ಅವಳು ಕೈ ತೊಳೆಯುವ ನೆಪ ಮಾಡಿ ಎದ್ದು ಹೋಗುತ್ತಿದ್ದಳು.

“ಮುಂಡೆಗೆ ಯಾರವ್ವಾ ಕೊಡ್ತಾರೆ? ಅತ್ತಿಗೆ ಕೊಟ್ಲು. ತವರಲ್ಲಾದ್ರೂ ನನ್ನ ಮನುಷ್ಯಳು ಅಂತ ನೋಡ್ತಾರಲ್ಲಾ ಅಂತ ಕಣ್ಣಲ್ಲಿ ನೀರು ಬಂತು. ಸೆರಗೊಡ್ಡಿ ಇಸ್ಕಂಡೆ. ಜಗಲಿ ಮೇಲೆ ಕದರಯ್ಯನೋರು, ಇನ್ನೂ ನಾಕು ಜನ ಕೂತಿದ್ರು. ‘ಸಂತೋಷ ಕಣವ್ವ’ ಅಂದ್ರು...”

ಹೇಳುತ್ತಲೇ ಪುಟ್ಟಗಂಗಮ್ಮನಿಗೆ ಅರ್ಥವಾಯಿತು. ಕುಲದವರ ಮುಂದೆ ವೀಳ್ಯ ಹಿಡಿದರೆ ವ್ಯಾಜ್ಯ ಮುಗಿಯಿತು. ಅದು ಅವಳೂ ಚಿಕ್ಕಂದಿನಿಂದ ಕಂಡದ್ದೇ. ಆದರೆ ಹಿಡಿಯುತ್ತಿದ್ದವರೆಲ್ಲ ಗಂಡಸರು. ವಿಧವೆಯ ಸೆರಗಿಗೆ ಬಿದ್ದದ್ದೂ ವೀಳ್ಯವೆನಿಸಿಕೊಂಡೀತೆಂದು ಅವಳಿಗೆ ಹೊಳೆದಿರಲಿಲ್ಲ.

ಸುಶ್ಮಿತಾಳ ಬಾಯಿಗೆ ಬೈಗುಳ ಬಂದಿತ್ತು. ತಾಯಿಯ ಮುಖ ನೋಡಿ ನುಂಗಿಕೊಂಡಳು. ಪುಟ್ಟಗಂಗಮ್ಮ ಎದ್ದು, ದೇವರ ಫೋಟೋದ ಮುಂದೆ ಜೋಪಾನವಾಗಿಟ್ಟಿದ್ದ ಎಲೆ-ಅಡಿಕೆ, ಕಾಯಿ ಎತ್ತಿಕೊಂಡಳು. ಎಲೆ ಒಣಗಿ ಸುರುಟಿಕೊಂಡಿತ್ತು.

“ನಡಿ,” ಎಂದಳು.

ಗುಬ್ಬಿಯಲ್ಲಿ ಬಸ್ಸು ಬದಲಿಸಿ ಇಬ್ಬರೂ ಹಾಗಲವಾಡಿ ಮುಟ್ಟಿದರು. ಅಣ್ಣ ದೊಡ್ಡರಂಗಯ್ಯನೂ ಕದರಯ್ಯನೂ ಜಗಲಿಯ ಮೇಲೇ ಇದ್ದರು. ಪುಟ್ಟಗಂಗಮ್ಮ ಅವರಿಬ್ಬರ ನಡುವೆ ತಂದದ್ದನ್ನು ಇಟ್ಟಳು.

ಕದರಯ್ಯ ಹೌಹಾರಿದ. “ಏನವ್ವಾ ಇದು? ಇಸ್ಕಂಡ ವೀಳ್ಯ ವಾಪಸ್ ಇಡಬಾರದು!”

“ಗಂಡ ಸತ್ತೋಳಿಗೆ ಕೊಡಬಾರದು ಅಂತಾನೂ ಇತ್ತಲ್ಲ, ಯಜಮಾನ್ರೇ. ಅವತ್ತ್ಯಾಕೆ ಸುಮ್ಕಿದ್ರಿ?”

ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ತಲೆ ತಗ್ಗಿಸಿ ಒಳಗೆ ಸರಿದಳು.

“ಗಂಗೀ,” ಎಂದ ದೊಡ್ಡರಂಗಯ್ಯ, “ನನ್ ಮಗ ಜೈಲಿಗೋದ್ರೆ ನಿಂಗೆ ತವರು ಇಲ್ಲ. ಕುಲದೋರು ಒಬ್ರೂ ನಿನ್ ಹೊಸಲು ತುಳಿಯಲ್ಲ. ನೀನು ಸತ್ರೆ ಹೊರೋಕೂ ಬರಲ್ಲ.”

“ಬಹಿಷ್ಕಾರ ಹಾಕೋರ ಮೇಲೂ ಹೊಸ ಕಾನೂನು ಮಾಡವ್ರೆ, ಮಾವ. ಈಗಂದ್ರಲ್ಲ, ಅದನ್ನೂ ಠಾಣೇಲಿ ಹೇಳ್ಲಾ?” ಎಂದಳು ಸುಶ್ಮಿತಾ.

ಕದರಯ್ಯ ನಕ್ಕ. “ಕಾನೂನು! ವಿಧಾನಸೌಧದಿಂದ ಹೊರಟಿದ್ದು ಗುಬ್ಬಿ ದಾಟೋಷ್ಟ್ರಲ್ಲಿ ಸುಸ್ತಾಗೋಯ್ತದೆ ಕಣವ್ವ. ನಾವೇನು ಬಹಿಷ್ಕಾರ ಅಂದ್ವಾ? ಯಾರೂ ಬರಲ್ಲ ಅಂದ್ವಿ, ಅಷ್ಟೇಯ.”

“ಬರಬ್ಯಾಡಿ,” ಎಂದಳು ಪುಟ್ಟಗಂಗಮ್ಮ. “ನಾನು ಸತ್ರೆ ಹೊರೋಕೆ ಕಾರ್ಪೊರೇಷನ್ ಗಾಡಿ ಐತೆ. ಆದ್ರೆ ಅಣ್ಣಾ, ಇಲಿಗೆ ವಡೆ ಇಟ್ಟಂಗೆ ನಂಗೆ ಎಲೆ-ಅಡಿಕೆ ಇಟ್ಯಲ್ಲೋ! ನನ್ ದುಃಖ ಗೊತ್ತಿದ್ದೇ ಇಟ್ಯಲ್ಲೋ!”

ಹಿಂದಿರುಗಿ ನೋಡದೆ ನಡೆದಳು. ಬಸ್ಸಿನಲ್ಲಿ ಮಾತ್ರ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಮರುದಿನ ಠಾಣೆಯಲ್ಲಿ ಲಕ್ಷ್ಮೀಕಾಂತ್ ಕೇಳಿದರು, “ವೀಳ್ಯ ತಗೊಂಡಿದ್ದು ಹೌದೋ ಅಲ್ವೋ, ಅಷ್ಟು ಹೇಳಮ್ಮ.”

“ಹೌದು. ತಗೊಂಡ ಕೈ ನಂದು, ಹೋದ ಹಲ್ಲು ಅವಳ್ದು. ನನ್ ಕೈ ಎಲೆ ಹಿಡಿದ್ರೆ ಅವಳ ಹಲ್ಲು ಹುಟ್ತದಾ? ಅವಳನ್ನ ಕೇಳಿದ್ರಾ ನೀವು?”

ಸುಶ್ಮಿತಾ ಬಾಯಿಯಿಂದ ಕೈ ತೆಗೆದಳು. ಬೋರ್ಡಿನ ಸಾಲುಗಳನ್ನು ಗಟ್ಟಿಯಾಗಿ ಓದತೊಡಗಿದಳು. ಹಲ್ಲಿಲ್ಲದ ಸಂದಿಯಲ್ಲಿ ಗಾಳಿ ನುಗ್ಗಿ ಮಾತು ಸಿಳ್ಳೆ ಹೊಡೆಯಿತು. ಅವಳು ನಿಲ್ಲಿಸಲಿಲ್ಲ. ಪಾಸ್‌ಪೋರ್ಟ್ ವಿಚಾರಣೆಗೆ ಬಂದವರು ತಿರುಗಿ ನೋಡಿದರು. ಲಕ್ಷ್ಮೀಕಾಂತ್ ಕೂಡ ಕುತ್ತಿಗೆ ಹೊರಳಿಸಿ, ಅಲ್ಲೊಂದು ಬೋರ್ಡಿದೆಯೆಂದು ಆಗಷ್ಟೇ ಗೊತ್ತಾದವರಂತೆ ನೋಡಿದರು.

ಪುಟ್ಟಗಂಗಮ್ಮ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಚೀಲದಿಂದ ಅವರೆಕಾಯಿ ಸುರಿದುಕೊಂಡಳು.

“ಅಮ್ಮಾ, ಏನಿದು? ಇದು ಪೊಲೀಸ್ ಸ್ಟೇಷನ್ನು!” ಎಂದರು ಲಕ್ಷ್ಮೀಕಾಂತ್.

“ಗೊತ್ತು ಸಾರ್. ರಾಜಿ ಇಲ್ಲ ಅಂತ ಬರ್ಕಳಿ. ಅವನನ್ನ ಕುಣಿಗಲ್ಲಿಂದ ತರೋಗಂಟ ನಂಗೆ ಮನೇಲೇನ್ ಕೆಲಸ?”

ಮೊದಲ ಸಿಪ್ಪೆ ಅವರ ಬೂಟಿನ ಪಕ್ಕ ಬಿತ್ತು. ಎರಡನೆಯದು ಬೂಟಿನ ಮೇಲೆ. ಲಕ್ಷ್ಮೀಕಾಂತ್ ಅದನ್ನು ಕೊಡವಿ, ಫೋನೆತ್ತಿ ಗುರ್ ಎಂದರು: “ಕುಣಿಗಲ್ ಸ್ಟೇಷನ್ನಾ? ಆ ಕೆರೆ ಏರಿ ಮೇಲೆ ಕಬ್ಬಿನ ಹಾಲಿನ ಅಂಗಡಿ ಎಷ್ಟವೆ ನೋಡ್ರಪ್ಪಾ...”