ಎಡಗಾಲಿನ ಐದು ಉಗುರು

ಬಿಳಿಚೋಡಿನ ದುರುಗಮ್ಮನಿಗೆ ಅರವತ್ತು ದಾಟಿತ್ತು. ಇಷ್ಟು ವರ್ಷದಲ್ಲಿ ಅವಳ ಕಾಲು ಕಂಡ ಸಿಂಗಾರವೆಂದರೆ ಒಂದು ಜೊತೆ ಬೆಳ್ಳಿ ಕಾಲುಂಗುರ, ಹಬ್ಬದ ದಿನ ಒಂದಿಷ್ಟು ಅರಿಶಿನ. ಆ ಮಂಗಳವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಗಂಡ ಗಾದ್ರಪ್ಪ ಕುರಿ ಹೊಡೆದುಕೊಂಡು ಹೋಗಿದ್ದ. ಮಗ ಮಾರುತಿ, ಸೊಸೆ ಸುಧಾ ಬೈಕಿನಲ್ಲಿ ಜಗಳೂರಿಗೆ ಹೋಗಿದ್ದರು. ಇವರ ಮನೆಯಲ್ಲೇ ಇದ್ದು ಓದುತ್ತಿದ್ದ ಮಗಳ ಮಗಳು ರೂಪಶ್ರೀ ಕಾಲೇಜಿನಲ್ಲಿದ್ದಳು.

ಕನ್ನಡಿಯ ಗೂಡಿನಲ್ಲಿ ಸುಧಾಳ ನೇಲ್ ಪಾಲಿಶ್ ಶೀಸೆ ಇತ್ತು. ದಾಳಿಂಬೆ ಕಾಳಿನ ಬಣ್ಣದ್ದು. ತಮ್ಮನ ಮದುವೆಗೆ ಬೇಕೆಂದು ಸುಧಾ ಜೋಪಾನ ಮಾಡಿಟ್ಟಿದ್ದಳು. ಸುಮ್ಮನೆ ಮೂಸಿ ನೋಡೋಣವೆಂದು ದುರುಗಮ್ಮ ಮುಚ್ಚಳ ತಿರುಗಿಸಿದಳು. ಘಾಟು ಮೂಗಿಗೆ ಹೊಡೆಯಿತು. ಆದರೂ ಕೆಳಗಿಡಲು ಮನಸ್ಸಾಗಲಿಲ್ಲ. ಕೈಗೆ ಹಚ್ಚಿಕೊಂಡರೆ ಊರೇ ನೋಡುತ್ತದೆ. ಕಾಲನ್ನು ಯಾರು ನೋಡುತ್ತಾರೆ?

ಎಡಗಾಲನ್ನು ಬಲತೊಡೆಯ ಮೇಲೆ ಎಳೆದಿಟ್ಟುಕೊಂಡು ಹೆಬ್ಬೆರಳಿನಿಂದ ಶುರು ಮಾಡಿದಳು. ಅಂದಾಜು ಸಿಗದೆ ಬಣ್ಣ ಅರ್ಧ ಉಗುರಿಗಾದರೆ ಅರ್ಧ ಚರ್ಮಕ್ಕಾಯಿತು. ಐದೂ ಬೆರಳು ಮುಗಿಸಿ, ಅಂಗಳದ ಬಿಸಿಲಿಗೆ ಕಾಲು ಚಾಚಿ ಮೊರದಿಂದ ಗಾಳಿ ಹಾಕಿಕೊಂಡಳು. ಒಡೆದ ಹಿಮ್ಮಡಿಯ ಕಾಲು ಮುಂದಿನಿಂದ ಬೇರೆ ಯಾರದೋ ಕಾಲಿನಂತೆ ಕಂಡಿತು. ಅದನ್ನೇ ನೋಡುತ್ತ ಕೂತಿದ್ದಾಗ ಬೀದಿಯ ತಿರುವಿನಲ್ಲಿ ಮಾರುತಿಯ ಬೈಕಿನ ಸದ್ದು ಕೇಳಿಸಿತು. ದಡಬಡಿಸಿ ಎದ್ದು ಮುಚ್ಚಳವನ್ನು ಹೇಗೋ ಸಿಕ್ಕಿಸಿ ಶೀಸೆಯನ್ನು ಗೂಡಿನಲ್ಲಿಟ್ಟಳು. ಹಸಿ ಬಣ್ಣ ಸೀರೆಯ ಅಂಚಿಗೆ ಮೆತ್ತಿಕೊಂಡಿತು. ಹಳೆ ಬಟ್ಟೆ ಹರಿದು ಐದೂ ಬೆರಳಿಗೆ ಸುತ್ತಿ, ಒಳಗೆ ಬಂದ ಮಗನಿಗೆ "ಕಲ್ಲು ಬಿತ್ತು ಕಣಪ್ಪ" ಅಂದಳು.

ಗುರುವಾರ ಬೆಳಿಗ್ಗೆ ಸುಧಾ ಶೀಸೆ ತೆಗೆದು ನೋಡಿದರೆ ಅರ್ಧ ಖಾಲಿ. ಉಳಿದದ್ದು ಅಂಟಿನಂತೆ ಗಟ್ಟಿಯಾಗಿತ್ತು.

"ರೂಪಾ, ಹಚ್ಕಂಡ್ರೆ ಹಚ್ಕಂಡೆ, ಮುಚ್ಚಳನಾದ್ರೂ ನೆಟ್ಟಗೆ ಹಾಕ್ಬಾರ್ದಾ?"

"ನಾನು ಮುಟ್ಟೇ ಇಲ್ಲ ಅತ್ತೆ. ದೇವರಾಣೆ."

"ಮತ್ತೆ ಯಾರು ಹಚ್ಕಂಡ್ರು? ನಿಮ್ಮಜ್ಜಿನಾ?"

ದುರುಗಮ್ಮ ಅಲ್ಲೇ ಗೋಡೆಗೊರಗಿ ಕೂತಿದ್ದಳು. ಸೀರೆಯೊಳಗೆ ಕಾಲು ಇನ್ನಷ್ಟು ಮುದುಡಿಕೊಂಡಿತು. ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಆದರೆ ಬಾಯಿ ತಾನಾಗಿ ಆಡಿತು: "ಹೋಗ್ಲಿ ಬಿಡವ್ವ ಸುಧಾ. ಹುಡುಗಿ, ಆಸೆ ಆಗೈತೆ, ಹಚ್ಕಂಡೈತೆ."

ರೂಪಶ್ರೀ ತಿರುಗಿ ಅಜ್ಜಿಯನ್ನು ನೋಡಿದಳು. ಉಣ್ಣದೆ ಕಾಲೇಜಿಗೆ ಹೋದಳು. ಸಂಜೆ ಹಿತ್ತಿಲಲ್ಲಿ ನಿಂತು ಹೊನ್ನಾಳಿಯಲ್ಲಿದ್ದ ತಾಯಿಗೆ ಫೋನು ಮಾಡಿದ್ದು ದುರುಗಮ್ಮನಿಗೆ ಕೇಳಿಸಿತು. "ಭಾನುವಾರ ಬಂದ್ಬಿಡ್ತೀನಿ ಅಮ್ಮ. ಇಲ್ಲಿ ಕಳ್ಳಿ ಅನ್ಸಿಕಂಡು ಇರಾಕೆ ಆಗಲ್ಲ. ಅಜ್ಜಿನೂ ನಂಬ್ಲಿಲ್ಲ."

ಆ ಮಾತು ಕೇಳಿದ ಮೇಲೆ ದುರುಗಮ್ಮ ರಾತ್ರಿಯ ಊಟ ಬಿಟ್ಟಳು. ಬಣ್ಣ ಹೋದರೆ ಪಾಪವೂ ಹೋದೀತೆಂಬಂತೆ ಶುಕ್ರವಾರವಿಡೀ ಬಚ್ಚಲಿನಲ್ಲಿ ಕೂತು ತಿಕ್ಕಿದಳು. ಕಾಲು ತಿಕ್ಕುವ ಕಲ್ಲಾಯಿತು, ನಿಂಬೆಹೋಳಾಯಿತು, ಪಾತ್ರೆ ಪುಡಿಯಾಯಿತು. ಬ್ಲೇಡಿನಿಂದ ಕೆರೆಯಲು ಹೋಗಿ ಕಿರುಬೆರಳಿಗೆ ಗೀರಿಕೊಂಡಳು. ಬಣ್ಣ ಅಲ್ಲಲ್ಲಿ ಚೂರು ಎದ್ದಿತು, ಉಳಿದದ್ದು ಕಚ್ಚಿಕೊಂಡೇ ಇತ್ತು. ಮತ್ತೆ ಬಟ್ಟೆ ಸುತ್ತಿಕೊಂಡಳು.

ಶನಿವಾರ ಕಾಲೇಜು ಅರ್ಧ ದಿನ. ರೂಪಶ್ರೀ ಬಂದವಳೇ ಬಿಸಿನೀರಿನ ಬೋಗುಣಿ ತಂದು ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಮುಖದಲ್ಲಿ ಇನ್ನೂ ನಗುವಿರಲಿಲ್ಲ.

"ನಾಕು ದಿನ ಹಿಂಗೆ ಕಟ್ಟಿಟ್ರೆ ಕೀವಾಗ್ತದೆ. ತೋರ್ಸು."

"ಏನೂ ಆಗಿಲ್ಲ, ಬಿಡು."

"ರಕ್ತ ಕಾಣ್ತೈತೆ, ಬಿಡು ಅಂತೀಯಲ್ಲ!" ಎಂದು ಅವಳೇ ಗಂಟು ಬಿಚ್ಚಿದಳು.

ಬಟ್ಟೆ ಕಳಚಿತು. ಚೂರುಚೂರಾಗಿ ಎದ್ದ ದಾಳಿಂಬೆ ಬಣ್ಣದ ಐದು ಉಗುರು. ಹುಡುಗಿ ಅವನ್ನು ನೋಡಿದಳು, ಆಮೇಲೆ ಅಜ್ಜಿಯ ಮುಖ ನೋಡಿದಳು. ಬೈಯುತ್ತಾಳೆಂದು ದುರುಗಮ್ಮ ಕಾದಳು. ಹುಡುಗಿ ಬಟ್ಟೆಯನ್ನು ಮತ್ತೆ ಕಾಲಿನ ಮೇಲೆಳೆದು, ದನಿ ತಗ್ಗಿಸಿ, "ಅತ್ತೆ ಒಳಗೇ ಐದಾಳೆ, ಮುಚ್ಕ" ಅಂದಳು. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಪಕ್ಕದ ಮನೆಯ ಗೆಳತಿಯಿಂದ ಬಣ್ಣ ತೆಗೆಯುವ ರಿಮೂವರ್ ಇಸಿದುಕೊಂಡು ಬಂದಳು. ಹತ್ತಿಯನ್ನು ಅದರಲ್ಲಿ ನೆನೆಸಿ ಉಗುರಿನ ಮೇಲೆ ಒತ್ತಿ ಹಿಡಿದು ಎಳೆದರೆ ಬಣ್ಣವೆಲ್ಲ ಹತ್ತಿಗೆ ಬಂತು. ದಿನವಿಡೀ ತಿಕ್ಕಿ ಕೆರೆದರೂ ಹೋಗದ್ದು ಎರಡೇ ನಿಮಿಷದಲ್ಲಿ ಹೋಯಿತು. ನಾಲ್ಕು ಉಗುರು ಮುಗಿದವು.

"ಇನ್ನು ಯಾರಿಗೂ ಗೊತ್ತಾಗಲ್ಲ" ಎಂದಳು ರೂಪಶ್ರೀ.

ದುರುಗಮ್ಮ ಕಾಲು ಹಿಂದಕ್ಕೆಳೆದುಕೊಂಡಳು. "ಅದೊಂದು ಇರ್ಲಿ." ಆಮೇಲೆ ಒಳಗೆ ಕೇಳುವಂತೆ ಕೂಗಿದಳು: "ಸುಧಾ, ಒಂಚೂರು ಬಾರವ್ವ ಇಲ್ಲಿ."

ರೊಟ್ಟಿ ಬಡಿಯುತ್ತಿದ್ದ ಸುಧಾ ಹಿಟ್ಟಿನ ಕೈಯಲ್ಲೇ ಬಂದಳು.

"ನೋಡಿಲ್ಲಿ. ಹಚ್ಕಂಡಿದ್ದು ನಾನು."

ಸುಧಾಳಿಗೆ ನಗು ಬಂದಿತ್ತು, ತುಟಿಯವರೆಗೆ ಬಂದದ್ದು ರೂಪಶ್ರೀಯ ಮುಖ ನೋಡಿ ಅಲ್ಲೇ ನಿಂತಿತು. "ನನ್ನ ಕೇಳಿದ್ರೆ ನಾನೇ ಹಚ್ಚಿಕೊಡ್ತಿದ್ನಲ್ಲ ಅತ್ತೆ."

"ಹಚ್ಕಂಡಿದ್ದಕ್ಕಲ್ಲವ್ವ. ಹಚ್ಕಂಡು ಈ ಕೂಸಿನ ತಲಿಗೆ ಕಟ್ದೆನಲ್ಲ. ದೊಡ್ಡಸ್ತಿಕೆ ಬೇರೆ, ಹೋಗ್ಲಿ ಬಿಡು ಅಂತ."

ಸುಧಾ ಹಿಟ್ಟಿನ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಳು. "ರೂಪಾ, ನಾನೂ ಹಿಂದೆಮುಂದೆ ನೋಡ್ದೆ ಬೈದ್ಬಿಟ್ಟೆ ಕಣೇ. ತಪ್ಪಾತು."

"ಇರ್ಲಿ ಬಿಡತ್ತೆ" ಎಂದಳು ಹುಡುಗಿ. ಕೊನೆಯ ಉಗುರನ್ನೂ ಒರೆಸಿ, ಗಾಯಕ್ಕೆ ಅರಿಶಿನ ಒತ್ತಿ, ಬೋಗುಣಿ ಎತ್ತಿಕೊಂಡು ಎದ್ದಳು.

ಭಾನುವಾರ ಅವಳು ಹೊನ್ನಾಳಿಗೆ ಹೋಗಲಿಲ್ಲ. ಮಧ್ಯಾಹ್ನ ಎರಡು ರೊಟ್ಟಿ ಹಾಕಿಸಿಕೊಂಡು ಉಂಡಳು. ಆದರೆ ಯಾವಾಗಲೂ ಅಜ್ಜಿಯ ಮಗ್ಗುಲಲ್ಲಿ ಕೂರುತ್ತಿದ್ದವಳು ಅಂದು ಬಾಗಿಲ ಹತ್ತಿರ ಕೂತಳು. ದುರುಗಮ್ಮ ಎರಡು ಸಲ ಕರೆಯಬೇಕೆಂದು ಬಾಯಿ ತೆರೆದಳು, ಎರಡು ಸಲವೂ ಮುಚ್ಚಿದಳು. ಅವಳಾಗಿ ಬರುವತನಕ ಕರೆಯುವ ಮುಖ ತನಗಿಲ್ಲವೆಂದು ತಲೆ ತಗ್ಗಿಸಿ ರೊಟ್ಟಿ ಮುರಿದಳು.