ಒದ್ದೆ ಸೌದೆ

ಯೇವಲಾ ಕಡೆಯಿಂದ ಬಂದ ಲಾರಿ ತಗುಲಿ ಬೆನ್ನುಮೂಳೆಗೆ ಏಟಾದ ಮೇಲೆ ನಮ್ಮ ನಾಯಿ ಬಾಳ್ಯಾನ ಹಿಂಗಾಲುಗಳೆರಡೂ ಸತ್ತಂತಾಗಿದ್ದವು. ಮೂತ್ರವೂ ತಾನಾಗಿ ಹೋಗುತ್ತಿರಲಿಲ್ಲ. ದನದ ಡಾಕ್ಟರು ನಾಸಿಕದ ನಮ್ಮ ಹೋಟೆಲಿನ ಹಿತ್ತಲಿಗೆ ಬಂದು, ನಾಯಿಯ ಹೊಟ್ಟೆ ಒತ್ತಿ ಮೂತ್ರ ಹೊರಡಿಸುವುದನ್ನು ನನಗೆ ಕಲಿಸಿದರು. ಮೂತ್ರ ನಿಂತರೆ ನಾಯಿ ಉಳಿಯುವುದಿಲ್ಲ ಎಂದು ಮರಾಠಿಯಲ್ಲಿ ಎರಡೆರಡು ಸಲ ಹೇಳಿದರು.

ನಾಯಿ ಮುಟ್ಟಿದಾಗಲೆಲ್ಲ ನನಗೆ ತಲೆಸ್ನಾನ. ಅಡುಗೆಮನೆಯ ಮಡಿಯ ವಿಷಯದಲ್ಲಿ ನನ್ನ ಗಂಡ ಉಮಾನಾಥರದ್ದು ಒಂದೇ ಹಟ. ತಣ್ಣೀರು ಸುರಿದುಕೊಳ್ಳುತ್ತ ಅವರನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ.

ಆ ದಿನ ಬೆಳಿಗ್ಗೆ ಒತ್ತಿದರೆ ಏನೂ ಬರಲಿಲ್ಲ. ಇನ್ನಷ್ಟು ಒತ್ತಿದೆ. ಒಂದು ಹನಿಯೂ ಇಲ್ಲ. ನಿನ್ನೆ ಜೋರಾಗಿ ಒತ್ತಿ ಒಳಗೆ ಏನಾದರೂ ಹರಿದುಬಿಟ್ಟೆನೇ? ಬಾಳ್ಯಾ ನನ್ನ ಮುಖವನ್ನೇ ನೋಡುತ್ತಿದ್ದ. ಡಾಕ್ಟರ ಮನೆಗೆ ಓಡೋಣವೆಂದು ಎದ್ದೆ.

ಅಷ್ಟರಲ್ಲಿ ಅಡುಗೆಮನೆಯಿಂದ ಉಮಾನಾಥರು ಕೂಗಿದರು: "ಸುಗುಣಾ, ಸೌದೆಗೆ ನೀರು ಹೊಯ್ದದ್ದು ಯಾರು ಮಾರಾಯ್ತಿ? ಒಲೆ ಹತ್ತುವುದೇ ಇಲ್ಲ. ಎಂತ ನಾತ ಇದು!"

ಸೌದೆಯ ರಾಶಿ ಇದ್ದದ್ದು ಹಿತ್ತಲ ಆಚೆಯ ಗೋಡೆಯ ಬಳಿ. ತಿರುಗಿ ನೋಡಿದೆ. ನಾಯಿ ಮಲಗಿದ್ದ ಗೋಣಿಯಿಂದ ಅಲ್ಲಿಯವರೆಗೆ ಮಣ್ಣಿನಲ್ಲಿ ಮೈ ಎಳೆದ ಗುರುತಿತ್ತು. ಕೊನೆಗೊಂದು ಕಡೆ ಹಿಂಗಾಲು ಊರಿದ ಹೆಜ್ಜೆಯೂ ಇತ್ತು.

ಸ್ನಾನ ಮಾಡದೆಯೇ ಅಡುಗೆಮನೆಗೆ ನುಗ್ಗಿದೆ. ಅವರ ಕೈಯಿಂದ ಸೌದೆ ಕಿತ್ತುಕೊಂಡು ಮೂಸಿದೆ.

"ನೀರಲ್ಲ ಇದು," ಎಂದೆ. "ನೀರಲ್ಲ!"