ಬೇಡವೆಂದು ಹೇಳಿಬಂದ ತಂಗಿ

ಟಿಲ್ಡನ್ ಊರಿನ ಆಡಳಿತ ಕಚೇರಿಯಲ್ಲಿ ನೆಲ್ಲಾ ಡೈಕ್‌ಹೌಸ್ ಊರಿನ ಲೆಕ್ಕಪತ್ರ ನೋಡುತ್ತ ಕೂತು ಇಪ್ಪತ್ತೆರಡು ವರ್ಷವಾಗಿತ್ತು. ಮಿಷಿಗನ್ನಿನ ಆ ಪುಟ್ಟ ಊರಿನಲ್ಲಿ ಕಾಗದದ ಕಾರ್ಖಾನೆ ಬಾಗಿಲು ಹಾಕಿ ವರಮಾನ ಅರ್ಧಕ್ಕಿಳಿದಾಗ, ಯಾವುದನ್ನು ಬಿಡಬೇಕು ಯಾವುದನ್ನು ಉಳಿಸಬೇಕು ಎಂದು ಪಟ್ಟಿ ಮಾಡಿದವಳು ಅವಳೇ. ಈಜುಕೊಳ ಮುಚ್ಚಿತು. ಗ್ರಂಥಾಲಯ ವಾರಕ್ಕೆ ಎರಡು ದಿನ ಮಾತ್ರ ತೆರೆಯತೊಡಗಿತು. ಹೊಲಗಳ ಕಡೆಗಿನ ಎರಡು ಡಾಂಬರು ರಸ್ತೆಗಳನ್ನು ದುರಸ್ತಿ ಮಾಡಿಸುವ ಶಕ್ತಿಯಿಲ್ಲದೆ ಕಿತ್ತು, ಮತ್ತೆ ಜಲ್ಲಿ ಸುರಿದರು. ಜನ ಅವಳನ್ನು ಅಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿ ಬೈದರು. ಅವಳು ಕೇಳಿಸಿಕೊಂಡಳು. ಊರು ಮಾತ್ರ ಯಾರ ಮುಂದೆಯೂ ಕೈಚಾಚಲಿಲ್ಲ.

ನಲವತ್ತು ಮೈಲಿ ಆಚೆಗಿದ್ದ ಕಾರ್ವರ್ ಫಾಲ್ಸ್ ನಗರ ಸಾಲ ಮಾಡಿ ದೊಡ್ಡ ಕ್ರೀಡಾಂಗಣ ಕಟ್ಟಿಸಿ ದಿವಾಳಿಯೆದ್ದು, ಅದನ್ನು ಮೇಲೆತ್ತಲು ರಾಜ್ಯದ ಬೊಕ್ಕಸದಿಂದ ಹಣ ಕೊಡುವ ಮಸೂದೆ ಬಂದದ್ದು ಇದಾಗಿ ಆರು ವರ್ಷಕ್ಕೆ. ರಾಜಧಾನಿ ಲ್ಯಾನ್ಸಿಂಗ್‌ನಲ್ಲಿ ಶಾಸಕರ ಸಮಿತಿಯ ಮುಂದೆ ಅದರ ವಿರುದ್ಧ ಮಾತಾಡುತ್ತೀರಾ ಎಂದು ಅವಳ ಕ್ಷೇತ್ರದ ಶಾಸಕ ಫೋನ್ ಮಾಡಿ ಕೇಳಿದ. ನೆಲ್ಲಾ ಒಪ್ಪಿಕೊಂಡಳು. ಅಣ್ಣನನ್ನು ಮರೆತು ಒಪ್ಪಿಕೊಂಡದ್ದಲ್ಲ. ಹೂಂ ಅನ್ನುವಾಗಲೂ ಅವನ ಮುಖ ಕಣ್ಣ ಮುಂದೆಯೇ ಇತ್ತು.

ಅಣ್ಣ ಗ್ಯಾರಿಟ್ ಅದೇ ಕಾರ್ವರ್ ಫಾಲ್ಸಿನಲ್ಲಿ ಮೂವತ್ತೊಂದು ವರ್ಷ ಅಗ್ನಿಶಾಮಕ ದಳದಲ್ಲಿ ದುಡಿದು ನಿವೃತ್ತನಾದವನು. ಅವನ ಮನೆ ನಡೆಯುತ್ತಿದ್ದುದು ನಗರ ಕೊಡುವ ಪಿಂಚಣಿಯಲ್ಲಿ. ತಾನು ಹೇಳುವುದನ್ನು ಅವನು ಟಿವಿಯಲ್ಲಿ ಮೊದಲು ಕೇಳಬಾರದೆಂದು, ಬರೆದುಕೊಂಡ ಹಾಳೆಗಳನ್ನು ಹಿಡಿದು ಭಾನುವಾರ ಅವನ ಮನೆಗೇ ಹೋದಳು. ಅತ್ತಿಗೆ ರೋಸ್‌ಲಿನ್ ಕಾಫಿ ಇಟ್ಟು, ಇವರಿಬ್ಬರ ನಡುವೆ ತಾನೇಕೆ ಎಂಬಂತೆ ಹಿತ್ತಲಿಗೆ ಹೋದಳು.

ನೆಲ್ಲಾ ಓದಿದಳು. ಕಾರ್ವರ್ ಫಾಲ್ಸಿನವರು ಹಿಂದುಮುಂದು ನೋಡದೆ ಖರ್ಚು ಮಾಡಿದರು, ಅದನ್ನು ಈಜುಕೊಳ ಮುಚ್ಚಿಕೊಂಡ ಊರಿನವರು ತುಂಬಿಕೊಡಬೇಕೆ ಎಂಬಲ್ಲಿಗೆ ಬಂದಾಗ ಗ್ಯಾರಿಟ್ ಕೈಯೆತ್ತಿ ನಿಲ್ಲಿಸಿದ.

"ಕಾರ್ವರ್ ಫಾಲ್ಸಿನವರು ಅಂದ್ರೆ ಯಾರೇ? ನಾನಾ?"

ಅವಳು ಹಾಳೆಗಳನ್ನು ಮೇಜಿನ ಮೇಲಿಟ್ಟಳು.

"ಆ ಐಸ್-ಹಾಕಿ ಕ್ರೀಡಾಂಗಣ ನಾನು ಕಟ್ಟಿಸಿದ್ದಲ್ಲ. ಪಿಂಚಣಿಗೆ ಅಂತ ನನ್ನ ಸಂಬಳದಲ್ಲಿ ಪ್ರತಿ ತಿಂಗಳೂ ಹಿಡ್ಕೊಂಡಿದಾರೆ. ನಗರ ತನ್ನ ಪಾಲು ಹಾಕ್ಲಿಲ್ಲ ಅಂದ್ರೆ ಅದು ನನ್ನ ತಪ್ಪಾ?"

"ಅಲ್ಲ ಅಣ್ಣ. ಆದ್ರೆ ನಮ್ಮೂರಲ್ಲಿ ಸ್ಕೂಲ್ ಬಸ್ಸು ಓಡಿಸೋಳ ತಪ್ಪೂ ಅಲ್ಲ. ಅವಳಿಗೆ ಹೇಳ್ಕೊಳ್ಳೋ ಹಾಗೆ ಪಿಂಚಣಿನೇ ಇಲ್ಲ."

ಗ್ಯಾರಿಟ್ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಹೇಳಿದ: "ಹೋಗಬೇಡ ಅನ್ನಲ್ಲ. ಹೋದ್ರೆ ಬಿಡಿಸಿ ಹೇಳು. ಯಾರು ಖರ್ಚು ಮಾಡಿದ್ರು, ಯಾರು ಕಣ್ಣು ಮುಚ್ಕೊಂಡು ಸಾಲ ಕೊಟ್ರು ಅಂತ. ಊರೋರನ್ನೆಲ್ಲ ಒಂದೇ ಚೀಲಕ್ಕೆ ತುಂಬಬೇಡ."

ಮನೆಗೆ ಬಂದು ನೆಲ್ಲಾ ಅರ್ಧಕ್ಕರ್ಧ ತಿದ್ದಿ ಬರೆದಳು.

ಸಮಿತಿಯ ಮುಂದೆ ಅವಳು ಬಿಡಿಸಿಯೇ ಹೇಳಿದಳು. ಕ್ರೀಡಾಂಗಣಕ್ಕೆ ಸಾಲ ಕೊಟ್ಟವರು ಮಕ್ಕಳಲ್ಲ, ನಗರಕ್ಕೆ ತೀರಿಸುವ ತಾಕತ್ತಿಲ್ಲವೆಂದು ಗೊತ್ತಿದ್ದೇ ಕೊಟ್ಟರು, ಮುಳುಗಿದರೆ ರಾಜ್ಯ ನೆರವಿಗೆ ಬರುತ್ತದೆಂಬ ಧೈರ್ಯದಿಂದ ಕೊಟ್ಟರು ಎಂದಳು. ಇವತ್ತು ರಾಜ್ಯ ನೆರವಿಗೆ ಹೋದರೆ ಆ ಧೈರ್ಯ ಇನ್ನಷ್ಟು ನಗರಗಳಿಗೆ, ಸಾಲ ಕೊಡುವ ಇನ್ನಷ್ಟು ಜನರಿಗೆ ಬರುತ್ತದೆ. ನಷ್ಟ ಹಂಚಲು ನ್ಯಾಯಾಲಯವಿದೆ. ಅಲ್ಲಿ ದುಡಿದವರ ಪಿಂಚಣಿಗೆ ಕೈ ಹಾಕುವ ಮೊದಲು ಸಾಲ ಕೊಟ್ಟವರು ಬಿಟ್ಟುಕೊಡಲಿ ಎಂದಳು.

ಮಸೂದೆಯ ಪರವಾಗಿದ್ದ ಹಿರಿಯ ಸದಸ್ಯೆಯೊಬ್ಬಳು ಮೆಲ್ಲಗೆ ಕೇಳಿದಳು: "ನಿಮ್ಮವರು ಯಾರಾದ್ರೂ ಆ ನಗರದಲ್ಲಿ ಇದ್ದಿದ್ರೆ ಹೀಗೇ ಮಾತಾಡ್ತಿದ್ರಾ?"

"ನಮ್ಮಣ್ಣ ಇದಾನೆ, ಗ್ಯಾರಿಟ್ ಅಂತ. ಮೂವತ್ತೊಂದು ವರ್ಷ ಅಲ್ಲಿ ಬೆಂಕಿ ಆರಿಸಿದಾನೆ. ಅವನಿಗೂ ಪೆಟ್ಟು ಬೀಳತ್ತೆ ಅಂತ ಗೊತ್ತಿದ್ದೇ ಬಂದಿದೀನಿ."

ಆ ಮಾತು ತನ್ನ ವಾದವನ್ನು ಗೆಲ್ಲಿಸುತ್ತದೆಂದು ನೆಲ್ಲಾಗೆ ಆ ಗಳಿಗೆಯಲ್ಲೇ ತಿಳಿಯಿತು. ಅದರ ಹಿಂದೆಯೇ ಇನ್ನೊಂದೂ ತಿಳಿಯಿತು: ಅಣ್ಣನನ್ನು ಕೇಳದೆ ಅವನನ್ನು ಸಾಕ್ಷಿಗೆ ನಿಲ್ಲಿಸಿದ್ದಳು.

ಮಸೂದೆ ನಾಲ್ಕು ಮತಗಳಿಂದ ಬಿದ್ದುಹೋಯಿತು. ನ್ಯಾಯಾಲಯದಲ್ಲಿ ವರ್ಷ ಪೂರ್ತಿ ಎಳೆದಾಟ ನಡೆದು, ಕ್ರೀಡಾಂಗಣ ಒಬ್ಬ ಗೋದಾಮಿನವನ ಪಾಲಾಯಿತು. ಸಾಲ ಕೊಟ್ಟವರಿಗೆ ಅರ್ಧವೂ ದಕ್ಕಲಿಲ್ಲ. ಪಿಂಚಣಿಗಳು ನೂರಕ್ಕೆ ಒಂಬತ್ತರಂತೆ ಇಳಿದವು. ಗ್ಯಾರಿಟ್ ಮೀನು ಹಿಡಿಯಲು ಇಟ್ಟುಕೊಂಡಿದ್ದ ದೋಣಿ ಮಾರಿದ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ತಂಗಿಯ ಮನೆಗೆ ಬರಲಿಲ್ಲ. ರೋಸ್‌ಲಿನ್ ಫೋನಿನಲ್ಲಿ ಗುಟ್ಟಾಗಿ ಹೇಳಿದಳು, ಅವನಿಗೆ ಸಿಟ್ಟು ಬಂದದ್ದು ದುಡ್ಡು ಹೋದದ್ದಕ್ಕಲ್ಲ, ತನ್ನ ಹೆಸರು ಎತ್ತಿದ್ದಕ್ಕೆ ಎಂದು. ನೆಲ್ಲಾ ಕಾಗದ ಬರೆದು ಅದೊಂದಕ್ಕೆ ಮಾತ್ರ ಕ್ಷಮೆ ಕೇಳಿದಳು. ಉಳಿದದ್ದಕ್ಕೆ ಕೇಳಲು ಅವಳ ಮನಸ್ಸು ಒಪ್ಪಲಿಲ್ಲ. ಸುಳ್ಳು ಕ್ಷಮೆ ಅಣ್ಣನಿಗೆ ಗೊತ್ತಾಗದೆ ಇರುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಫೋನ್ ಬಂತು. ನಗರಸಭೆಗೆ ನಿಲ್ಲುತ್ತಿದ್ದೇನೆ ಎಂದ ಗ್ಯಾರಿಟ್.

"ಅಷ್ಟು ವರ್ಷ ಆ ಬಜೆಟ್ ಪುಸ್ತಕನ ಒಬ್ರೂ ಓದ್ಲಿಲ್ಲ ಕಣೇ. ನಾನೂ ಓದ್ಲಿಲ್ಲ. ಓದೋದು ಹೇಗೆ ಅಂತ ಹೇಳ್ಕೊಡ್ತೀಯಾ?"

ಆ ವಸಂತವೆಲ್ಲ ಪ್ರತಿ ಶನಿವಾರ ನೆಲ್ಲಾ ಕಾರ್ವರ್ ಫಾಲ್ಸಿಗೆ ಹೋದಳು. ಅಣ್ಣ ಕನ್ನಡಕ ಮೂಗಿನ ತುದಿಗಿಳಿಸಿಕೊಂಡು ಸಾಲುಸಾಲಾಗಿ ಓದಿದ, ಅರ್ಥವಾಗದ ಕಡೆ ಅವಳನ್ನೇ ಬೈದ. ಚುನಾವಣೆಯಲ್ಲಿ ಗೆದ್ದ.

ಅವನ ಮುಂದೆ ಬಂದ ಮೊದಲ ದೊಡ್ಡ ವಿಷಯ ಸಾಲ ಮಾಡಿ ಬೆಂಕಿ ಆರಿಸುವ ಹೊಸ ಎಂಜಿನ್ ಗಾಡಿ ಕೊಳ್ಳುವುದು. ಸಭೆಯ ತುಂಬ ಅವನ ಹಳೆಯ ಸಂಗಡಿಗರು. ಇದ್ದ ಎಂಜಿನ್ ಎಷ್ಟು ಸವೆದಿದೆಯೆಂದು ಅಲ್ಲಿದ್ದ ಸದಸ್ಯರಲ್ಲಿ ಅವನಷ್ಟು ಬಲ್ಲವರು ಯಾರೂ ಇರಲಿಲ್ಲ. ಗ್ಯಾರಿಟ್ ಎದ್ದು ನಿಂತು, ಪಕ್ಕದ ಇಂಡಿಯಾನಾ ರಾಜ್ಯದ ಒಂದು ಊರು ಮಾರುತ್ತಿರುವ ಹಳೆಯ ಎಂಜಿನ್ನನ್ನು ಕೈಯಲ್ಲಿರುವ ಹಣದಲ್ಲೇ ಕೊಳ್ಳೋಣ, ಸಾಲಕ್ಕೆ ನನ್ನ ಮತವಿಲ್ಲ ಎಂದ. ಒಂದೇ ಮತದಿಂದ ಅವನ ಮಾತು ನಡೆಯಿತು. ಹೊರಗೆ ಬರುವಾಗ ಇಬ್ಬರು ಹಳೆಯ ಗೆಳೆಯರು ಅವನ ಕೈ ಕುಲುಕಲಿಲ್ಲ.

ಹಿಂದಿನ ಸಾಲಿನಲ್ಲಿ ಕೂತಿದ್ದ ನೆಲ್ಲಾ ಕಾರಿನ ಹತ್ತಿರ ಕಾಯುತ್ತಿದ್ದಳು. ಇನ್ನೂ ಬೆಳಕಿತ್ತು.

"ನೀನು ಲ್ಯಾನ್ಸಿಂಗ್‌ನಲ್ಲಿ ಹೇಳಿದ್ದು ಸರಿ ಅಂತ ನಾನು ಇವತ್ತೂ ಒಪ್ಪಲ್ಲ," ಎಂದ ಗ್ಯಾರಿಟ್.

"ಒಪ್ಪು ಅಂತ ನಾನೆಲ್ಲಿ ಕೇಳ್ದೆ?"

ಅವನು ಬೀಗದ ಕೈಗೆ ಜೇಬು ತಡಕಿದ. "ನಾಳೆ ಆ ಗಾಡಿ ನೋಡೋಕೆ ಇಂಡಿಯಾನಾಕ್ಕೆ ಹೋಗ್ತಿದೀನಿ. ಪಂಪು ಸರಿ ಇಲ್ದಿದ್ರೆ ವಾಪಸ್ಸು. ಬೆಲೆ ಮಾತಾಡೋಕೆ ನಂಗೆ ಬರಲ್ಲ."

"ಎಷ್ಟು ಹೊತ್ತಿಗೆ ಹೊರಡ್ತೀಯಾ?" ಎಂದಳು ನೆಲ್ಲಾ.